ವಿಂಡರ್‌ಮಿಯರ್‌ಗೆ ಏರಿ ಎಲ್ಲಿದೆ?

ಬೇಸಿಗೆ ರಜೆ ಮುಗಿದ ಕೂಡಲೇ "ಎಲ್ಲಿಗೆ ಹೋಗಿದ್ದಿರಿ, ನಮ್ಮ ಪತ್ರಿಕೆಗೆ ಬರೆದು ಕೊಡಿ" ಎಂದು ಸಂಪಾದಕರು ಫೋನ್ ಮಾಡುವುದು ವಾಡಿಕೆ. ಈ ಸಲ ನಾವು "ವಿಂಡರ್‌ಮಿಯರ್‌ಗೆ" ಎಂದಾಗ ಅವರು ಒಂದು ಕ್ಷಣ ಸುಮ್ಮನಾದರು. ಆ ಮೌನದ ಅರ್ಥ ನಮಗೆ ತಿಳಿಯಿತು. ಮ್ಯಾಂಚೆಸ್ಟರಿನ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ವಿಂಡರ್‌ಮಿಯರ್ ನೋಡದವರು ಯಾರಿದ್ದಾರೆ? ಊರಿನಿಂದ ಅಪ್ಪ ಅಮ್ಮ ಬಂದರೆ ವಿಂಡರ್‌ಮಿಯರ್, ಅತ್ತೆ ಮಾವ ಬಂದರೆ ವಿಂಡರ್‌ಮಿಯರ್, ಬೆಂಗಳೂರಿನಿಂದ ಹಳೆಯ ಗೆಳೆಯ ಎರಡು ದಿನಕ್ಕೆ ಬಂದರೂ ಎಂ 6 ಹಿಡಿದು ವಿಂಡರ್‌ಮಿಯರ್. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಬೌನೆಸ್ ದಕ್ಕೆಯ ಮುಂದೆ ಹಂಸಗಳ ಜೊತೆ ನಿಂತ ಫೋಟೋಗಳು ಕನಿಷ್ಠ ಹನ್ನೆರಡು ಇವೆ. ನಿಂತವರು ಮಾತ್ರ ಬೇರೆ ಬೇರೆ, ಹಂಸಗಳು ಅವೇ ಇರಬೇಕು.

ಆದರೂ ಬರೆಯುತ್ತಿದ್ದೇವೆ. ಯಾಕೆಂದರೆ ಹದಿಮೂರನೆಯ ಸಲ ಹೋದಾಗ ಒಂದು ಪ್ರಶ್ನೆ ನಮ್ಮನ್ನು ಹಿಡಿದು ನಿಲ್ಲಿಸಿತು.

ಕಳೆದ ಜೂನ್ ತಿಂಗಳಲ್ಲಿ, ಎಂದರೆ 2025ರಲ್ಲಿ, ಅಪ್ಪಯ್ಯ ನಮ್ಮಲ್ಲಿಗೆ ಬಂದರು. ನಮ್ಮಲ್ಲಿ ಒಬ್ಬರಿಗೆ ಅವರು ತಂದೆ, ಇನ್ನೊಬ್ಬರಿಗೆ ಮಾವ. ಆದರೆ ಇಬ್ಬರೂ ಕರೆಯುವುದು ಅಪ್ಪಯ್ಯ ಎಂದೇ. ಎಪ್ಪತ್ತೆಂಟು ವರ್ಷ, ಸಾಗರ ತಾಲ್ಲೂಕಿನವರು. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಬಂದದ್ದು ಇದೇ ಮೊದಲು. ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸಿಗಂದೂರು ಸೇತುವೆಯ ಉದ್ಘಾಟನೆ ಆದಾಗ ಅವರು ನಮ್ಮ ಅಡಿಗೆಮನೆಯಲ್ಲಿ ಕೂತು ಅದನ್ನು ಮೊಬೈಲಿನಲ್ಲಿ ನೋಡಿದರು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ. ಶರಾವತಿ ಹಿನ್ನೀರು ದಾಟಲು ತಲೆಮಾರುಗಳಿಂದ ಲಾಂಚಿಗೆ ಕಾದು ಕೂತ ತುಮರಿ ಕಡೆಯ ಜನಕ್ಕೆ ಹಬ್ಬದ ದಿನ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಬಾಣಂತಿಗೂ ರೋಗಿಗೂ ಬೆಳಗಿನವರೆಗೆ ದಾರಿಯಿಲ್ಲದ ಊರುಗಳು ಅವು. ಅಪ್ಪಯ್ಯ ಪೂರ್ತಿ ನೋಡಿ, "ಒಳ್ಳೇದಾಯ್ತು" ಎಂದು ಮೊಬೈಲ್ ಪಕ್ಕಕ್ಕಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನು ಲಾಂಚಿಗೆ ಕಾಯೋದು ಇಲ್ಲ" ಎಂದರು. ಅದು ಸಂತೋಷವೋ ಬೇಸರವೋ ನಮಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ಆಗಸ್ಟಿನಲ್ಲಿ ಮಕ್ಕಳಿಗೆ ರಜೆ. ಎರಡು ಮನೆಯವರು ಸೇರಿ ಎರಡು ಕಾರಿನಲ್ಲಿ ಹೊರಟೆವು. ಹಿಂದಿನ ರಾತ್ರಿ ಪುಳಿಯೋಗರೆ, ಬೆಳಿಗ್ಗೆ ಮೊಸರನ್ನ, ದಾರಿಗೆ ಚಕ್ಕುಲಿ, ಜೊತೆಗೆ ಎರಡು ಫ್ಲಾಸ್ಕ್ ಕಾಫಿ. ಸುಮಾರು ಎಂಬತ್ತು ಮೈಲಿ ದಾರಿ. ಶಾಲೆಯಲ್ಲಿ ವರ್ಡ್ಸ್‌ವರ್ತ್ ಪದ್ಯ ಬಾಯಿಪಾಠ ಮಾಡಿ ಮೇಷ್ಟರಿಂದ ಶಭಾಷ್ ಪಡೆದ ನಮ್ಮ ಗೆಳೆಯರು ದಾರಿಯುದ್ದಕ್ಕೂ ಕವಿಯ ಕಥೆ ಹೇಳಿದರು. ಇಲ್ಲಿಗೆ ರೈಲು ಬರುತ್ತದೆಂದಾಗ 1844ರಲ್ಲಿ ಆ ಕವಿ ಬೇಡವೆಂದು ಪತ್ರ ಬರೆದು ಜಗಳವಾಡಿದ್ದರಂತೆ. ಆದರೂ 1847ರಲ್ಲಿ ರೈಲು ಬಂತು. ರೈಲಿನ ಹಿಂದೆ ಜನ ಬಂದರು, ಜನರ ಹಿಂದೆ ಹೋಟೆಲು, ಐಸ್‌ಕ್ರೀಮು ಬಂದವು. ಕಡೆಗೆ ಪುಳಿಯೋಗರೆ ಡಬ್ಬಿ ಹಿಡಿದು ನಾವೂ ಬಂದೆವು.

ಬೌನೆಸ್‌ನಲ್ಲಿ ಎಂದಿನಂತೆ ಜಾತ್ರೆ. ಕಾರು ನಿಲ್ಲಿಸಲು ಮುಕ್ಕಾಲು ಗಂಟೆ ಹಿಡಿಯಿತು. ದಕ್ಕೆಯಿಂದ ಟೀಲ್ ಎಂಬ ಹಡಗು ಹತ್ತಿದೆವು. ಇಲ್ಲಿನ ಮೂರು ಹಳೆಯ ಹಡಗುಗಳಲ್ಲಿ ಟರ್ನ್ 1891ರದು, ಟೀಲ್ 1936ರದು, ಸ್ವಾನ್ 1938ರದು. ಟೀಲ್ ಮತ್ತು ಸ್ವಾನ್ ಹಡಗುಗಳನ್ನು ಸಮುದ್ರದಂಚಿನ ಬ್ಯಾರೋ ಊರಿನಲ್ಲಿ ತುಂಡು ತುಂಡಾಗಿ ತಯಾರಿಸಿ, ರೈಲಿನಲ್ಲಿ ಲೇಕ್‌ಸೈಡ್‌ಗೆ ತಂದು ಜೋಡಿಸಿದ್ದಂತೆ. ಇದನ್ನು ಹೇಳಿದಾಗ ಅಪ್ಪಯ್ಯ ಹಡಗಿನ ಮೊಳೆಗಳನ್ನು ಒಂದೊಂದಾಗಿ ಸವರಿ ನೋಡಿದರು. ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ ಇದು. ಉದ್ದ ಹತ್ತೂವರೆ ಮೈಲಿ, ಅತಿ ಹೆಚ್ಚಿನ ಆಳ 64 ಮೀಟರ್, ಒಳಗೆ 18 ನಡುಗಡ್ಡೆಗಳು. ಹಿಂದೆ ಮೋಟಾರು ದೋಣಿಗಳು ಬಾಣದ ಹಾಗೆ ಓಡುತ್ತಿದ್ದವು. 2005ರಿಂದ ಗಂಟೆಗೆ ಹತ್ತು ನಾಟಿಕಲ್ ಮೈಲಿಯ ಮಿತಿ ಇದೆ. ಹಾಗಾಗಿ ಈಗ ಸದ್ದು ಕಡಿಮೆ, ಸಣ್ಣ ದೋಣಿಯವರಿಗೆ ನೆಮ್ಮದಿ.

ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಅಪ್ಪಯ್ಯ ಮಾತ್ರ ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿ ಏನನ್ನೋ ಹುಡುಕುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟರು: "ಎಂತ ಮಾರಾಯ, ಇದರ ಏರಿ ಎಲ್ಲಿ?"

ನಾವೆಲ್ಲ ನಕ್ಕೆವು. ನಮ್ಮ ಕಡೆ ಏರಿ ಇಲ್ಲದ ಕೆರೆ ಇಲ್ಲ. ಕೆರೆ ಎಂದರೆ ಯಾರೋ ಕಟ್ಟಿಸಿದ್ದು. ಅದಕ್ಕೆ ಏರಿ ಬೇಕು, ತೂಬು ಬೇಕು, ಕೋಡಿ ಬೇಕು. ಇದು ಹಾಗಲ್ಲ, ಹಿಮಯುಗದಲ್ಲಿ ಹಿಮನದಿ ಕಣಿವೆಯನ್ನು ಕೊರೆದು ಹೋದ ಮೇಲೆ ನೀರು ತಾನೇ ತುಂಬಿಕೊಂಡಿದ್ದು ಎಂದು ನಮ್ಮ ಮಗಳು ತನ್ನ ಭೂಗೋಳದ ಪಾಠವನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಒಪ್ಪಿಸಿದಳು.

"ಹಂಗಾದ್ರೆ ಇದರ ಅಡಿಗೆ ಯಾರ ಮನೆಯೂ ಇಲ್ಲ?"

"ಇಲ್ಲ ಅಜ್ಜ."

"ಗದ್ದೆ, ತೋಟ?"

"ಇಲ್ಲ."

ಅಪ್ಪಯ್ಯನ ಮುಖ ಸಡಿಲವಾಯಿತು. ಆಮೇಲೆ ಹಡಗಿನ ಅಂಚಿಗೆ ಬಂದು ಎಲ್ಲರಂತೆ ನೀರು ನೋಡುತ್ತ ನಿಂತರು. ನಮ್ಮ ನಗು ಮಾತ್ರ ಅಲ್ಲಿಗೇ ನಿಂತಿತು.

ಓದುಗರಲ್ಲಿ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿಯಿತು. ಪೂರ್ಣಮಟ್ಟ 1819 ಅಡಿ. ಸುಮಾರು 300 ಚದರ ಕಿಲೋಮೀಟರ್ ನೆಲದ ಮೇಲೆ ನೀರು ನಿಂತಿತು. ವಿಂಡರ್‌ಮಿಯರ್‌ನ ವಿಸ್ತೀರ್ಣ ಹದಿನೈದು ಚದರ ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಎಂದರೆ ಇಂಥ ಇಪ್ಪತ್ತು ಸರೋವರಗಳು ಅದರಲ್ಲಿ ಹಿಡಿಯುತ್ತವೆ. ಅಲ್ಲಿದ್ದ ಊರು, ಅಡಿಕೆ ತೋಟ, ಗದ್ದೆ, ದೇವಸ್ಥಾನ ಎಲ್ಲ ಒಳಗೆ ಹೋದವು. ಅದಕ್ಕೂ ಮೊದಲು, 1948ರಲ್ಲಿ, ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಆ ನೀರಿನಲ್ಲೇ ಮುಳುಗಿತು. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಅದು ಈಗಲೂ ತಲೆಯೆತ್ತುತ್ತದೆ. ಅಪ್ಪಯ್ಯನ ಮನೆ ಅಲ್ಲಿತ್ತು ಎಂಬುದು ನಮಗೆ ಗೊತ್ತಿತ್ತು. ಆದರೆ ಗೊತ್ತಿತ್ತು ಅಷ್ಟೇ, ನಮ್ಮ ತಾತ ಯಾವ ಇಸವಿಯಲ್ಲಿ ಹುಟ್ಟಿದರು ಎಂದು ಗೊತ್ತಿದ್ದ ಹಾಗೆ.

ಹಡಗಿನಿಂದ ಇಳಿದ ಮೇಲೆ ಮಗನ ಹಠಕ್ಕೆ ಹುಟ್ಟು ಹಾಕುವ ಸಣ್ಣ ದೋಣಿ ಬಾಡಿಗೆಗೆ ಹಿಡಿದೆವು. ಲೈಫ್ ಜಾಕೆಟ್ ಬಿಗಿದುಕೊಂಡು ನಾವಿಬ್ಬರೂ ಸರದಿಯಲ್ಲಿ ಹುಟ್ಟು ಹಾಕಿದೆವು. ದೋಣಿ ಗಾಣದೆತ್ತಿನಂತೆ ಇದ್ದಲ್ಲೇ ಸುತ್ತಿತು. ಪಕ್ಕದ ದೋಣಿಯ ಮಕ್ಕಳು ನಮ್ಮನ್ನು ನೋಡಿ ಕೈಬೀಸಿದರು. ಐದು ನಿಮಿಷ ಸಹಿಸಿಕೊಂಡ ಅಪ್ಪಯ್ಯ, "ಇತ್ಲಾಗೆ ಕೊಡಿ" ಎಂದು ಹುಟ್ಟು ತೆಗೆದುಕೊಂಡರು. ವಯಸ್ಸಾಗಿದೆ, ಬೇಡ ಎನ್ನುವಷ್ಟರಲ್ಲಿ ದೋಣಿ ನೆಟ್ಟಗೆ ಹೊರಟಿತ್ತು. ಸದ್ದಿಲ್ಲದೆ, ಅವಸರವಿಲ್ಲದೆ.

"ಅಜ್ಜ, ನೀವು ಎಲ್ಲಿ ಕಲಿತಿದ್ದು?" ಎಂದು ಮಗ ಕೇಳಿದ.

"ಹೊಳೆ ದಾಟಿ ಶಾಲೆಗೆ ಹೋಗ್ತಿದ್ದೆವು. ದೋಣಿಯವನಿಗೆ ಹುಷಾರಿಲ್ಲದಾಗ ನಾವೇ ಹಾಕ್ತಿದ್ದೆವು."

"ಈಗ ಆ ಶಾಲೆ ಇದೆಯಾ?"

"ಅದೂ ಮುಳುಗಡೆ."

ಮುಳುಗಡೆ ಎಂದರೇನು ಎಂದು ಮಗಳು ಕೇಳಿದಳು. ನಮ್ಮ ಸಂಘದ ಕನ್ನಡ ತರಗತಿಯ ಪುಸ್ತಕದಲ್ಲಿ ಆ ಪದ ಬಂದಿಲ್ಲ. ಅಪ್ಪಯ್ಯ ಹುಟ್ಟು ನಿಲ್ಲಿಸಿ ಹೇಳಿದರು. ನಾವು ಕೂಡ ಅದನ್ನು ಪೂರ್ತಿಯಾಗಿ ಕೇಳಿದ್ದು ಅವತ್ತೇ. ಮನೆ ಬಿಡುವಾಗ ಹೆಂಚು ಇಳಿಸಿ, ಕಂಬ ಕಿತ್ತು, ಬಾಗಿಲು ಕಳಚಿ ಎತ್ತಿನ ಗಾಡಿಗೆ ಹೇರಿದ್ದು. ಫಸಲು ಹೊತ್ತು ನಿಂತಿದ್ದ ಅಡಿಕೆ ಮರಗಳನ್ನು ಹಾಗೇ ಬಿಟ್ಟದ್ದು. ನೀರು ಒಂದೇ ದಿನ ನುಗ್ಗಿ ಬರಲಿಲ್ಲವಂತೆ. ಮಳೆಗಾಲದಲ್ಲಿ ದಿನಕ್ಕೆ ಇಷ್ಟಿಷ್ಟೇ ಏರಿ, ಮೊದಲು ಗದ್ದೆ, ಆಮೇಲೆ ಕೊಟ್ಟಿಗೆ, ಕಡೆಗೆ ತುಳಸಿಕಟ್ಟೆ. ಅವರಿಗೆ ಆಗ ಹದಿನೇಳು ವರ್ಷ. ಗುಡ್ಡದ ಮೇಲೆ ನಿಂತು ತುಳಸಿಕಟ್ಟೆ ಕಾಣುವವರೆಗೆ ನೋಡಿ, ಕಾಣದ ಮೇಲೆ ಗಾಡಿಯ ಹಿಂದೆ ನಡೆದು ಹೋದರಂತೆ. ಅಜ್ಜಿ ತಿರುಗಿ ನೋಡಲೇ ಇಲ್ಲವಂತೆ. ಕಾಡಂಚಿನ ಹೊಸ ಜಾಗದಲ್ಲಿ ಹಳೆಯ ಕಂಬಗಳನ್ನೇ ನೆಟ್ಟು ಮನೆ ಕಟ್ಟಿದರು.

"ಸಿಟ್ಟು ಬರಲಿಲ್ವಾ ಅಜ್ಜ?"

"ಕರೆಂಟು ಬೇಕಲ್ಲ ಮಗಾ, ಎಲ್ಲರಿಗೂ" ಎಂದರು. ಸ್ವಲ್ಪ ತಡೆದು, "ನಮ್ಮ ಹೊಸ ಮನೆಗೆ ಬರೋಕೆ ಹದಿನೈದು ವರ್ಷ ಹಿಡೀತು" ಎಂದು ನಕ್ಕರು.

ನಮಗೆ ನಗು ಬರಲಿಲ್ಲ. ನಾವು ಬೆಂಗಳೂರಿನ ಹಾಸ್ಟೆಲಿನಲ್ಲಿ ರಾತ್ರಿಯಿಡೀ ದೀಪ ಹಚ್ಚಿಕೊಂಡು ಓದಿ, ಇಂಜಿನಿಯರಾಗಿ, ವಿಮಾನ ಹತ್ತಿ ಇಲ್ಲಿಗೆ ಬಂದವರು. ಆ ದೀಪದ ಕರೆಂಟು ಎಲ್ಲಿಂದ ಬರುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ಶರಾವತಿ ಎಂದು ಸರಿಯಾಗಿ ಬರೆಯುತ್ತಿದ್ದೆವು. ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದರಲ್ಲ, ಅಣೆಕಟ್ಟಿನ ನೀರು ಏರುತ್ತಿರುವ ಊರಿನ ಕಥೆ, ಅದನ್ನೂ ನೋಡಿದ್ದೆವು. ಕಣ್ಣು ಒರೆಸಿಕೊಂಡು, ಚಪ್ಪಾಳೆ ತಟ್ಟಿ, ಬಿಸಿಬೇಳೆಬಾತ್ ಉಂಡು ಮನೆಗೆ ಬಂದಿದ್ದೆವು. ಆ ವಾರ ಊರಿಗೆ ಫೋನ್ ಮಾಡಿದಾಗಲೂ ಅಪ್ಪಯ್ಯನನ್ನು ಕೇಳಿದ್ದು ಮಳೆಯ ವಿಚಾರ, ಅಡಿಕೆ ರೇಟಿನ ವಿಚಾರ.

ಮಧ್ಯಾಹ್ನ ಊಟ ಮುಗಿಸಿ ಫೆರ್ರಿಯಲ್ಲಿ ಆಚೆ ದಡಕ್ಕೆ ಹೋದೆವು. ಹೋಗದವರು ಇದನ್ನು ತಪ್ಪಿಸಿಕೊಳ್ಳಬೇಡಿ. ಬೌನೆಸ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಫೆರ್ರಿ ನ್ಯಾಬ್ ಎಂಬ ಜಾಗವಿದೆ. ಅಲ್ಲಿ ಸರೋವರದ ಅಡ್ಡಕ್ಕೆ ಎರಡು ಉಕ್ಕಿನ ಹಗ್ಗಗಳು ಮಲಗಿವೆ. ಆ ಹಗ್ಗಗಳನ್ನು ಹಿಡಿದು ಫೆರ್ರಿ ತನ್ನನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಚುಕ್ಕಾಣಿಯ ಅಗತ್ಯವೇ ಇಲ್ಲ. ಈಗಿನ ಫೆರ್ರಿಯ ಹೆಸರು ಮ್ಯಾಲರ್ಡ್, 1990ರಿಂದ ಓಡುತ್ತಿದೆ, 18 ಕಾರು ಹಿಡಿಯುತ್ತದೆ, ದಾಟಲು ಹತ್ತು ನಿಮಿಷ. ಯಂತ್ರ ಬರುವ ಮೊದಲು ನೂರಾರು ವರ್ಷ ಇಲ್ಲಿ ಹುಟ್ಟು ಹಾಕಿಯೇ ಜನರನ್ನು, ಕುದುರೆಗಳನ್ನು ದಾಟಿಸುತ್ತಿದ್ದರು. 1635ರಲ್ಲಿ ಹಾಕ್ಸ್‌ಹೆಡ್‌ನಲ್ಲಿ ಮದುವೆ ಮುಗಿಸಿಕೊಂಡು ಹಿಂದಿರುಗುತ್ತಿದ್ದ ದೋಣಿ ಮುಳುಗಿ 47 ಮಂದಿ ತೀರಿಕೊಂಡರಂತೆ.

ಸಾಲಿನಲ್ಲಿ ಮುಕ್ಕಾಲು ಗಂಟೆ ಕಾದೆವು. ನಾವು ಗಡಿಯಾರ ನೋಡಿಕೊಂಡು ಗೊಣಗುತ್ತಿದ್ದರೆ ಅಪ್ಪಯ್ಯ ಕಾರಿನಿಂದ ಇಳಿದು ದಡದಲ್ಲಿ ಆರಾಮವಾಗಿ ಕೂತಿದ್ದರು. "ಲಾಂಚಿಗೆ ಕಾಯೋದು ಹಿಂಗೇ. ಬಸ್ಸಿನವರು, ಜೀಪಿನವರು, ಸಿಗಂದೂರು ಚೌಡಮ್ಮನಿಗೆ ಹೋಗೋರು, ತುಮರಿಗೆ ಹೆಣ್ಣು ನೋಡಕ್ಕೆ ಹೋಗೋರು ಎಲ್ಲ ಮಾತಾಡಿಕೊಂಡು ಕೂತಿರ್ತಿದ್ದೆವು" ಎಂದರು. ಫೆರ್ರಿ ಹೊರಟ ಮೇಲೆ ಅವರು ನಮಗೆ ಹೇಳಿದ ಮಾತೇ ಈ ಲೇಖನಕ್ಕೆ ಕಾರಣ. ಲಾಂಚಿನಲ್ಲಿ ಹೋಗುವಾಗ ಒಂದು ಜಾಗ ಬರುತ್ತಿತ್ತಂತೆ. ಎದುರಿಗೆ ಒಂದು ಗುಡ್ಡ, ಎಡಕ್ಕೆ ಇನ್ನೊಂದು. ಎರಡರ ಗುರುತು ಹಿಡಿದರೆ ತಮ್ಮ ಕೇರಿ ಯಾವ ದಿಕ್ಕಿನಲ್ಲಿತ್ತು ಎಂದು ತಿಳಿಯುತ್ತಿತ್ತು. ಪ್ರತಿ ಸಲ ಆ ಕಡೆ ತಿರುಗಿ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದರಂತೆ. ಅರವತ್ತು ವರ್ಷ. ಅವರ ಜೊತೆ ಆ ಲಾಂಚಿನಲ್ಲಿ ನಾವೂ ಎಷ್ಟೋ ಸಲ ಹೋಗಿದ್ದೇವೆ. ಎಳನೀರು ಕುಡಿದಿದ್ದೇವೆ, ಹಿನ್ನೀರಿನ ಫೋಟೋ ತೆಗೆದಿದ್ದೇವೆ, "ಎಷ್ಟು ಚೆಂದ" ಎಂದಿದ್ದೇವೆ.

ಆಚೆ ದಡದಲ್ಲಿ ಬಿಯಾಟ್ರಿಕ್ಸ್ ಪಾಟರ್ 1905ರಲ್ಲಿ ಕೊಂಡ ಹಿಲ್ ಟಾಪ್ ಮನೆ ಇದೆ. ಮಕ್ಕಳಿಗೆ ಮೊಲದ ಕಥೆಗಳ ಲೇಖಕಿ ಎಂದರೆ ತಿಳಿಯುತ್ತದೆ. ನೋಡಿ ಬಂದೆವು. ಅದರ ಬಗ್ಗೆ ಹಿಂದಿನ ಸಂಚಿಕೆಗಳಲ್ಲಿ ಸಾಕಷ್ಟು ಬಂದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ರಾತ್ರಿ ಉಳಿದುಕೊಂಡಿದ್ದ ಮನೆಯಲ್ಲಿ ಮಗಳು ಒಂದು ಪ್ರವಾಸಿ ಪುಸ್ತಕ ಹಿಡಿದು ಓಡಿ ಬಂದಳು. "ಅಜ್ಜ, ಇಲ್ಲೂ ಮುಳುಗಡೆ ಇದೆ!" ಹೊಸ ಪದವನ್ನು ಅವಳು ಆಗಲೇ ತನ್ನದಾಗಿಸಿಕೊಂಡಿದ್ದಳು. ಈ ಲೇಕ್ ಡಿಸ್ಟ್ರಿಕ್ಟಿನ ಪೂರ್ವದಂಚಿನಲ್ಲಿ ಹಾಸ್‌ವಾಟರ್ ಎಂಬ ಇನ್ನೊಂದು ಸರೋವರವಿದೆ. ಮೊದಲು ಅದೂ ನೈಸರ್ಗಿಕವೇ, ಚಿಕ್ಕದು. ಪಕ್ಕದ ಮಾರ್ಡೇಲ್ ಕಣಿವೆಯಲ್ಲಿ ಒಂದು ಪುಟ್ಟ ಹಳ್ಳಿ, ಚರ್ಚು, ಡನ್ ಬುಲ್ ಎಂಬ ಹೋಟೆಲು ಇದ್ದವು. ಇಲ್ಲಿ ಅಣೆಕಟ್ಟು ಕಟ್ಟಲು 1919ರಲ್ಲಿ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟಿತು. 1929ರಲ್ಲಿ ಕೆಲಸ ಶುರುವಾಯಿತು. ನೀರು 29 ಮೀಟರ್ ಮೇಲೇರುವಂತೆ ಕಟ್ಟಿದರು. 1935ರ ಆಗಸ್ಟಿನಲ್ಲಿ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಸ್ಮಶಾನದಿಂದ 97 ದೇಹಗಳನ್ನು ತೆಗೆದು ಶಾಪ್ ಎಂಬ ಊರಿನಲ್ಲಿ ಮತ್ತೆ ಮಣ್ಣು ಮಾಡಿದರು. ಚರ್ಚಿನ ಕಲ್ಲುಗಳನ್ನೂ ಕಿಟಕಿಗಳನ್ನೂ ನೀರೆತ್ತುವ ಗೋಪುರಕ್ಕೆ ಬಳಸಿಕೊಂಡರು.

ಇದೆಲ್ಲ ಯಾವ ಊರಿನ ನೀರಿಗಾಗಿ? ಮ್ಯಾಂಚೆಸ್ಟರಿನ ನೀರಿಗಾಗಿ. ನಮ್ಮ ನಲ್ಲಿಯ ನೀರಿಗಾಗಿ. ಬೆಳಗಿನ ಫಿಲ್ಟರ್ ಕಾಫಿಗೆ ಇಲ್ಲಿನ ಮೆದುನೀರು ಬಹಳ ಚೆನ್ನಾಗಿ ಒಗ್ಗುತ್ತದೆ ಎಂದು ನಾವು ಲಂಡನ್ನಿನ ನೆಂಟರ ಮುಂದೆ ಜಂಬ ಕೊಚ್ಚುತ್ತೇವಲ್ಲ, ಅದೇ ನೀರು.

ಮರುದಿನ ಇನ್ನೊಂದು ಹಡಗಿನ ಸುತ್ತು ಮತ್ತು ಹ್ಯಾವರ್‌ತ್ವೇಟ್‌ನ ಉಗಿಬಂಡಿಯ ಯೋಜನೆ ಇತ್ತು. ಅದನ್ನು ಗೆಳೆಯರ ಮನೆಯವರಿಗೆ ಬಿಟ್ಟು, ನಾವು ಕೆಂಡಲ್, ಶಾಪ್ ದಾರಿಯಾಗಿ ಮಾರ್ಡೇಲ್‌ಗೆ ಹೋದೆವು. ಕೊನೆಯ ಕೆಲವು ಮೈಲಿ ಒಂದೇ ಕಾರು ಹೋಗುವಷ್ಟು ಅಗಲದ ರಸ್ತೆ. ರಸ್ತೆ ಮುಗಿಯುವಲ್ಲಿ ಒಂದು ಸಣ್ಣ ಕಾರ್ ಪಾರ್ಕ್. ಅಂಗಡಿಯಿಲ್ಲ, ಐಸ್‌ಕ್ರೀಮಿಲ್ಲ, ವಿಹಾರದ ದೋಣಿಯೂ ಇಲ್ಲ. 2025ರ ವಸಂತದಿಂದ ಮಳೆ ಕಡಿಮೆಯಾಗಿ ನೀರು ಇಳಿದಿತ್ತು. ದಡದುದ್ದಕ್ಕೂ ಬಿಳಿಚಿದ ಕಲ್ಲಿನ ಪಟ್ಟಿ. ಗುಡ್ಡದಿಂದ ಇಳಿದು ಬಂದ ಕಲ್ಲುಗೋಡೆಗಳು ನೆಟ್ಟಗೆ ನೀರಿನೊಳಗೆ ಹೋಗಿದ್ದವು.

ಅಪ್ಪಯ್ಯನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅವರೇ ಕೋಲು ಚಾಚಿ ಮೊಮ್ಮಕ್ಕಳಿಗೆ ತೋರಿಸಿದರು. "ಇದು ಹಿತ್ತಿಲ ಗೋಡೆ. ಇಲ್ಲಿ ಎರಡು ಗೋಡೆ ಜೊತೆಯಾಗಿ ಹೋಗ್ತದಲ್ಲ, ಅದು ದಾರಿ. ದನ ಹೋಗೋ ದಾರಿ." ಒಂದು ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಆ ದಾರಿ ನೀರಿಗೆ ಇಳಿಯುವ ಜಾಗವನ್ನು ನೋಡಿದರು. ಆಮೇಲೆ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾವೂ ಹಾಗೆಯೇ ಮಾಡಿದೆವು. ಮಕ್ಕಳು ಯಾಕೆಂದು ಕೇಳಲಿಲ್ಲ.

ವಾಪಸ್ಸು ಬರುವಾಗ ಮಗ ಕೇಳಿದ: "ಹಾಗಾದರೆ ನಾವು ಈ ನೀರು ಕುಡಿಯಬಾರದಾ?" ಅಪ್ಪಯ್ಯನೇ ಉತ್ತರ ಕೊಟ್ಟರು: "ಕುಡೀಬೇಕು. ಯಾರು ಕೊಟ್ಟಿದ್ದು ಅಂತ ಗೊತ್ತಿರಬೇಕು, ಅಷ್ಟೆ." ಇದಕ್ಕಿಂತ ಹೆಚ್ಚು ನಮಗೂ ಹೇಳಲು ಬರುವುದಿಲ್ಲ. ಅಣೆಕಟ್ಟು ಬೇಕೋ ಬೇಡವೋ ಎಂಬ ವಾದ ಇಲ್ಲಿ ಹೂಡುತ್ತಿಲ್ಲ. ದೀಪ, ನೀರು ಎರಡೂ ಪಡೆದ ನಾವು ಬೇಡವಿತ್ತು ಎಂದರೆ ಅದು ಸುಳ್ಳಾಗುತ್ತದೆ. ಆದರೆ ಮನೆಯಲ್ಲೇ ಇದ್ದ ಮನುಷ್ಯನನ್ನು ಇಷ್ಟು ವರ್ಷ ಒಂದು ಮಾತು ಕೇಳದೆ ಇದ್ದದ್ದು ನಮ್ಮ ತಪ್ಪು. ಅದನ್ನು ಒಪ್ಪಿಕೊಳ್ಳುತ್ತೇವೆ.

ಮುಂದಿನ ಬೇಸಿಗೆಗೆ ಹೋಗುವವರಿಗೆ ಕೆಲವು ಸಲಹೆಗಳು: ಬೌನೆಸ್‌ಗೆ ಬೆಳಿಗ್ಗೆ ಹತ್ತರ ಒಳಗೆ ಸೇರಿಕೊಳ್ಳಿ. ಬಿಸಿಲಿದ್ದರೂ ಸ್ವೆಟರ್ ಇರಲಿ, ಹಡಗಿನ ಮೇಲೆ ಗಾಳಿ ಜೋರು. ಮೊಸರನ್ನದ ಡಬ್ಬಿಯನ್ನು ಹಂಸಗಳ ಮುಂದೆ ತೆರೆಯಬೇಡಿ, ನಮಗೆ ಅನುಭವವಾಗಿದೆ. ಫೆರ್ರಿಗೆ ಸಾಲು ಉದ್ದವಿದ್ದರೆ ಕಾರು ಬಿಟ್ಟು ನಡೆದೇ ಹತ್ತಿ. ಒಂದು ದಿನ ಮಾರ್ಡೇಲ್‌ಗೆ ಇಟ್ಟುಕೊಳ್ಳಿ, ಊಟ ಕಟ್ಟಿಕೊಂಡು ಹೋಗಿ. ಊರಿನಿಂದ ಹಿರಿಯರು ಬಂದಿದ್ದರೆ ದೋಣಿಯಲ್ಲಿ ಫೋಟೋ ತೆಗೆಯುವುದರ ಜೊತೆಗೆ, ಅವರು ಚಿಕ್ಕವರಿದ್ದಾಗ ಯಾವ ಹೊಳೆ ದಾಟುತ್ತಿದ್ದರು ಎಂದು ಕೇಳಿ.

ಅಪ್ಪಯ್ಯ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ಹೋದ ವಾರ ಹೊಸ ಸೇತುವೆಯ ಮೇಲೆ ಬಸ್ಸಿನಲ್ಲಿ ಆಚೆ ದಡಕ್ಕೆ ಹೋಗಿ ಬಂದರಂತೆ. ಫೋನಿನಲ್ಲಿ ಹೇಗಿತ್ತು ಎಂದು ಕೇಳಿದೆವು. "ಬಾರೀ ಅನುಕೂಲ ಆಗಿದೆ. ಆದ್ರೆ ಬಸ್ಸು ಜೋರಾಗಿ ಹೋಗ್ತದೆ ಮಾರಾಯ. ಗುಡ್ಡದ ಗುರುತು ಹಿಡಿಯೋದ್ರೊಳಗೆ ದಾಟಿಯೇ ಬಿಟ್ಟಿತ್ತು" ಎಂದರು. ಡಿಸೆಂಬರಿನಲ್ಲಿ ಮಕ್ಕಳೊಂದಿಗೆ ಊರಿಗೆ ಹೋಗುತ್ತಿದ್ದೇವೆ. ಸೇತುವೆಯ ಈಚೆ ದಡದಲ್ಲಿ, ಹಳೆಯ ಲಾಂಚ್ ನಿಲ್ಲುತ್ತಿದ್ದ ಕಡೆ, ಅವರ ಜೊತೆ ಸ್ವಲ್ಪ ಹೊತ್ತು ಕೂರಬೇಕೆಂದಿದ್ದೇವೆ. ಆ ಎರಡು ಗುಡ್ಡಗಳು ಯಾವುವು ಎಂದು ಅವರಿಂದಲೇ ಕೇಳಿ ತಿಳಿದುಕೊಳ್ಳಬೇಕು.